ಎಂಪಿತ್ರೀಗೆ ಕ್ಯಾಸೆಟ್ಟಿನ ಮದ್ದು

ಬಂಧುಗಳೇ, ಅಕ್ಕನ ಹಾಡು ಉಳಿಸಲು ಹೋಗಿ ಇವತ್ತು ಎಂಪಿತ್ರೀ ಪ್ಲೇಯರನ್ನೇ ಮುರಿದೆ.

ನಾಳೆ ಅಕ್ಕನಿಗೆ ಗಂಟಲಿನ ಆಪರೇಷನ್. ಮೊದಲಿನ ದನಿ ಬರುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಅದಕ್ಕೇ ಅವಳ ಹಸೆಹಾಡುಗಳನ್ನೆಲ್ಲ ಅದರಲ್ಲಿ ರೆಕಾರ್ಡ್ ಮಾಡಿದ್ದೆ. ಆದರೆ ಅದಕ್ಕೆ ಇಪ್ಪತ್ತು ಹಾಡಿಗೇ ಹೊಟ್ಟೆ ತುಂಬುತ್ತದೆ. ಮನೆಯ ಮಕ್ಕಳು ಸಿನಿಮಾ ಹಾಡು ಹಾಕಲು ಇವನ್ನು ಅಳಿಸಿಬಿಟ್ಟರೆ?

ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರು ಮುರಿದರೆ ಮತ್ತೆ ಅದರಲ್ಲಿ ರೆಕಾರ್ಡ್ ಆಗುವುದಿಲ್ಲವಲ್ಲ, ಅಂಥದೇ ಒಂದು ಚೂರು ಇದರ ಬೆನ್ನಲ್ಲೂ ಕಂಡಿತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಸೆಲ್ಲು ಹೊರಗೆ ಬಿತ್ತು, ಪ್ಲೇಯರು ಸುಮ್ಮನಾಯಿತು.

ಲಕ್ಷ್ಮೀಪುರಂನ ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿನ ಹೆಣ್ಣುಮಗಳು, "ಏನ್ ತಾತ, ಸೆಲ್ಲಿನ ಮುಚ್ಚಳ ಕಿತ್ಬುಟ್ಟಿದ್ದೀರಲ್ಲ" ಅಂದಳು.

"ಹಾಡು ಹೋಯ್ತೇನಮ್ಮ?"

"ಸೆಲ್ ಬಿದ್ರೆ ಹಾಡ್ಯಾಕ್ ಹೋಗ್ತದೆ? ಕೂತ್ಕೊಳಿ."

ಸೆಲ್ಲು ಕೂರಿಸಿ ಇಯರ್‌ಫೋನನ್ನು ನನ್ನ ಕಿವಿಗಿಟ್ಟಳು. ಅಕ್ಕ ಒಮ್ಮೆ ಕೆಮ್ಮಿ ಹಾಡು ಶುರು ಮಾಡಿದಳು. ನಾಳಿನ ಆಪರೇಷನ್ ಬಗ್ಗೆ ಅಂಗಡಿಯವಳಿಗೆ ಹೇಳಿದೆ. ವಿಷಯ ತಿಳಿದ ಆ ಮಗು, ನಾನು ಕೇಳದೆಯೇ ಹಾಡುಗಳನ್ನು ಎರಡು ಸಿ.ಡಿ.ಗೂ ಹಾಕಿಕೊಟ್ಟಿತು. "ಇನ್ ಯಾರ್ ಅಳಿಸಿದ್ರೂ ಭಯ ಇಲ್ಲ ಬಿಡಿ." ಅವಳ ಹೊಟ್ಟೆ ತಣ್ಣಗಿರಲಿ.

ಒಂದೇ ಕಸಿವಿಸಿ. ಮುಚ್ಚಳ ಬೀಳದಿರಲೆಂದು ಗಮ್ ಟೇಪು ಅಂಟಿಸಿದ್ದಾಳೆ. ಕ್ಯಾಸೆಟ್ಟಿನಲ್ಲಾದರೆ ಮುರಿದ ಜಾಗಕ್ಕೆ ಟೇಪು ಅಂಟಿಸುವುದು ಹಳೆಯದನ್ನು ಅಳಿಸಿ ಹೊಸದು ತುಂಬಲಿಕ್ಕೆ. ಇದು ಹಾಗಲ್ಲ ಎಂದು ಗೊತ್ತಿದ್ದರೂ ನನ್ನ ಬೆರಳು ಅದನ್ನು ಕೀಳಲೆಂದೇ ಹೋಗುತ್ತದೆ. ಅದಕ್ಕೇ ನನ್ನ ಕೈಗೆ ಸಿಗದಂತೆ ಪ್ಲೇಯರನ್ನು ಅಕ್ಕನಿಗೇ ಕೊಟ್ಟುಬಿಟ್ಟಿದ್ದೇನೆ.