ತಾರೀಖಿಲ್ಲದ ಹಕ್ಕಿಗಳು

ಹಂಚಿನ ಕಾರ್ಖಾನೆಯ ಒಲೆಗೆ ಮೂವತ್ತು ವರ್ಷ ಸೌದೆ ತುರುಕಿದ ನೋಣಯ್ಯನಿಗೆ, ಕಾರ್ಖಾನೆ ಮುಚ್ಚಿದ ಮೇಲೆ ಉಳಿದದ್ದು ಕೆಮ್ಮು ಮತ್ತು ಹೊಳೆಬದಿ. ಬೋಳಾರದಲ್ಲಿ ಅವನ ಮನೆಯ ಹಿಂದೆಯೇ ನೇತ್ರಾವತಿಯ ಕೆಸರು. ನೀರು ಇಳಿದಾಗ ನೆರೆಮನೆಯ ಆಸ್ಯಮ್ಮ ಅಲ್ಲಿ ಮಾರಲಿಕ್ಕೆ ಮರುವಾಯಿ ಚಿಪ್ಪು ಹೆಕ್ಕುತ್ತಾಳೆ. ಚಳಿಗಾಲದಲ್ಲಿ ಎಲ್ಲಿಂದಲೋ ಬಂದ ಹಕ್ಕಿಗಳೂ ಅವಳ ಜೊತೆ ಹೆಕ್ಕುತ್ತವೆ. ಅವುಗಳ ಹೆಸರು ನೋಣಯ್ಯನಿಗೆ ಗೊತ್ತಿಲ್ಲ. ಕೊಕ್ಕು ಬಾಗಿದ್ದು ಕತ್ತಿಮೂಗ, ಬಾಲ ಆಡಿಸುವುದು ಕುಂಡೆಕುಣಿ ಎಂದು ಅವನೇ ಇಟ್ಟುಕೊಂಡಿದ್ದ.

ಅಳಿಯ ಕೊಲ್ಲಿದೇಶದ ದಮಾಮಿನಿಂದ ತಂದುಕೊಟ್ಟ ಹಳೆಯ ಕ್ಯಾಮೆರಾದಲ್ಲಿ ಒಳಗಿನ ಪುಟ್ಟ ಬ್ಯಾಟರಿ ಸತ್ತಿತ್ತು. ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಕೇಳುತ್ತಿತ್ತು. ತಿದ್ದುತ್ತಾ ಕೂತರೆ ಕತ್ತಿಮೂಗ ಕಾಯುತ್ತದೆಯೇ? ನೋಣಯ್ಯ ಓಕೆ ಒತ್ತಿ ಫೋಟೊ ಹೊಡೆಯುತ್ತಿದ್ದ. ಐದು ಚಳಿಗಾಲ ಹಾಗೇ ಹೊಡೆದ.

ಅಷ್ಟರಲ್ಲಿ ಕೆಸರಿಗೆ ಮಣ್ಣು ತುಂಬಿ ದೊಡ್ಡವರು ವಾಕಿಂಗ್ ಮಾಡುವ ರಸ್ತೆಯ ಯೋಜನೆ ಬಂತು. ಸರ್ವೆಯವರು ಸುಡುಬಿಸಿಲಿನ ಮೇ ತಿಂಗಳಲ್ಲಿ ಬಂದು, ವಲಸೆ ಹಕ್ಕಿ ಇಲ್ಲ ಎಂದು ಬರೆದು ಹೋದರು. ಹಕ್ಕಿ ಇದ್ದರೆ ಮಣ್ಣು ಹಾಕುವಂತಿಲ್ಲ. ಇಲ್ಲದಿದ್ದರೆ ಲಾರಿ ಬರುತ್ತದೆ. ಜನವರಿಯ ಅಹವಾಲು ಸಭೆಗೆ ನೋಣಯ್ಯ ನಾನೂರು ಫೋಟೊ ಹೊತ್ತುಕೊಂಡು ಹೋದ. ವೇದಿಕೆಯ ಮೇಲಿದ್ದವರಿಗೆ ನೀರಿನ ಬಾಟಲಿ, ಕೆಳಗಿದ್ದವರಿಗೆ ಪೊಲೀಸರು.

ಅಧಿಕಾರಿ ಫೋಟೊಗಳನ್ನು ಇಸ್ಪೀಟಿನ ಹಾಗೆ ಮಗುಚಿದ. "ಎಲ್ಲದರಲ್ಲೂ ಒಂದು ಒಂದು ಎರಡು ಸಾವಿರದ ಹದಿನೈದು ಅಂತ ಉಂಟಲ್ಲ. ಒಂದೇ ದಿನ ನಾನೂರು ಫೋಟೊ ಹೊಡೆದದ್ದಾ ಅಜ್ಜ?"

ಸಭೆ ನಕ್ಕಿತು.

"ಮಿಷನಿಂದು ತಪ್ಪು ಸಾರ್. ಹಕ್ಕಿ ಸರಿ ಉಂಟು. ನೀವೇ ಬಂದು ನೋಡಿ."

"ನನಗೆ ಕೆಸರಲ್ಲಿ ಎಂತ ಕೆಲಸ? ಈಗ ತಿದ್ದಿ ತಂದ ಡೇಟ್ ಕೂಡ ನಾನು ಒಪ್ಪುವುದಿಲ್ಲ. ಹದಿನೈದು ದಿನ ಕೊಡ್ತೇನೆ. ಕಿಡ್ನಾಪ್ ಮಾಡಿದವರು ತೆಗೀತಾರಲ್ಲ, ಹಾಗೆ ಅವತ್ತಿನ ಪೇಪರ್ ಇಟ್ಟು ಫೋಟೊ ತನ್ನಿ."

ಅದು ಕುಚೋದ್ಯ. ನೋಣಯ್ಯ ಅದನ್ನು ಆದೇಶ ಎಂದುಕೊಂಡ.

ಮರುದಿನ ಬೆಳಿಗ್ಗೆ ಪೇಪರಿನ ಮುಖಪುಟವನ್ನು ಹಲಗೆಗೆ ಮೊಳೆ ಹೊಡೆದು ಕೆಸರಿನತ್ತ ಹೊರಟ. ಹೆಂಡತಿ ಮುದ್ದು ಬಾಗಿಲಲ್ಲೇ ತಡೆದಳು. "ನಿಮಗೆ ತಲೆ ಸಮ ಉಂಟಾ ಮಾರಾಯ್ರೇ? ಅವಕ್ಕೆ ಓದ್ಲಿಕ್ಕೆ ಕಲಿಸಿದ್ದು ಯಾರು?"

ಮೊಣಕಾಲು ಮುಳುಗುವ ಕೆಸರಿನಲ್ಲಿ ಹಲಗೆ ನೆಟ್ಟು, ದೂರ ಬಂದು ಕೂತ. ಹೊಳೆಗಾಳಿಗೆ ಕಾಗದದ ಅಂಚು ಪಟಪಟ ಬಡಿಯಿತು. ಇಡೀ ಹಿಂಡು ಎದ್ದು ಆಚೆ ದಡಕ್ಕೆ ಹೋಯಿತು. ಮರುದಿನ ಅಂಚಿಗೆ ಅಂಟು ಹಚ್ಚಿದ. ಬೆಳ್ಳಗೆ ಹೊಳೆಯುವ ಆ ಹಲಗೆಯ ಹತ್ತಿರ ಆಗಲೂ ಒಂದು ಕುಂಡೆಕುಣಿಯೂ ಸುಳಿಯಲಿಲ್ಲ. ಎರಡನ್ನೂ ಒಂದೇ ಫೋಟೊದಲ್ಲಿ ತುಂಬಿಸಿದರೆ ಹಕ್ಕಿ ಸಾಸಿವೆ ಕಾಳಿನಷ್ಟಾಗುತ್ತಿತ್ತು. ನೊಣ ಎಂದರೂ ನಡೆಯುತ್ತದೆ. ಹದಿನಾಲ್ಕು ದಿನ ಹದಿನಾಲ್ಕು ಪೇಪರ್ ನೆಟ್ಟ. ಕೆಮ್ಮಿನಲ್ಲಿ ರಕ್ತ ಕಂಡಿತು, ಮುದ್ದುವಿಗೆ ಹೇಳಲಿಲ್ಲ.

ಹದಿನೈದನೆಯ ದಿನ ಆ ಫೋಟೊಗಳೆಲ್ಲವನ್ನೂ ಕಚೇರಿಗೆ ಒಯ್ದ. ಗುಮಾಸ್ತ ನೋಡಿ ತಲೆದೂಗಿದ. "ಇದು ಒಳ್ಳೇದುಂಟು ಅಜ್ಜ. ಡೇಟ್ ಕ್ಲಿಯರ್." ಆಮೇಲೆ ಕಡತದಲ್ಲಿ ಬರೆದ: ಸ್ಥಳದಲ್ಲಿ ಹಕ್ಕಿಗಳು ಕಂಡುಬಂದಿಲ್ಲ, ಆಕ್ಷೇಪಣೆದಾರರದೇ ಫೋಟೊ ಲಗತ್ತಿಸಿದೆ.

ಫೆಬ್ರವರಿಯಲ್ಲಿ ಲಾರಿಗಳು ಬಂದು ಕೆಮ್ಮಣ್ಣು ಸುರಿದವು. ಆಸ್ಯಮ್ಮ ಬುಟ್ಟಿ ಕವುಚಿಟ್ಟು ಅದರ ಮೇಲೆ ಕೂತು ನೋಡುತ್ತಿದ್ದಳು. ನೋಣಯ್ಯ ಕ್ಯಾಮೆರಾ ಆನ್ ಮಾಡಿದ. ಅದು ತಾರೀಖು ಕೇಳಿತು. ಈ ಸಲ ಅವನಿಗೆ ಅವಸರವಿರಲಿಲ್ಲ. ಹಾರಿಹೋಗುವಂಥದ್ದು ಎದುರಿಗೆ ಏನೂ ಇರಲಿಲ್ಲ. ಒಂದೊಂದೇ ಗುಂಡಿ ಒತ್ತಿ ದಿನ, ತಿಂಗಳು, ವರ್ಷ ಸರಿಯಾಗಿ ಹಾಕಿ, ಲಾರಿಯ ಫೋಟೊ ಹೊಡೆದ.