ಜೇಬು ಮುಚ್ಚುವ ಕೆಲಸ

ತಿಥಿಯ ಮರುದಿನ ಬೆಳಗಾಗುತ್ತಿದೆ. ನೆಂಟರು ಹೋಗಿದ್ದಾರೆ. ಶಾಮಿಯಾನದವರು ಕಿತ್ತುಕೊಂಡು ಹೋದ ಗಳಗಳ ಜಾಗದಲ್ಲಿ ಗುಂಡಿಗಳು ಉಳಿದಿವೆ. ಕ್ಯಾನು ಹಿಡಿದು ಡೇರಿಗೆ ಹೋಗುವವರು ಇವತ್ತು ನಮ್ಮ ಮನೆಯ ಕಡೆ ತಿರುಗಿ ನೋಡುತ್ತಿಲ್ಲ. ಎಲ್ಲ ಮಾಮೂಲಿಗೆ ಬಂದಿದೆ. ಆಗ ಎದುರು ಮನೆಯ ಜಗುಲಿಯಿಂದ ಹೊಲಿಗೆ ಮಿಷನ್ನಿನ ಸದ್ದು ಶುರುವಾಗುತ್ತದೆ. ಎಣ್ಣೆ ಕಾಣದ ಮಿಷನ್ನು. ತುಳಿದಾಗಲೆಲ್ಲ ಕಿರ್ ಎನ್ನುತ್ತದೆ.

ಹನ್ನೊಂದು ದಿನ ಆ ಸದ್ದು ಇರಲಿಲ್ಲ. ಬೀದಿಯಲ್ಲಿ ಸಾವಾದರೆ ತಿಥಿ ಕಳೆಯುವವರೆಗೆ ಲಕ್ಕಮ್ಮ ಮಿಷನ್ ತುಳಿಯುವುದಿಲ್ಲ. ಈ ಸಲ ಸತ್ತವರು ನನ್ನ ಗಂಡ ಬೀರೇಶ್. ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುತ್ತಿದ್ದರು. ಖಾಲಿ ಕಾರಿನಲ್ಲಿ ಊರಿಗೆ ಬರುತ್ತಿದ್ದಾಗ ಹೆದ್ದಾರಿಯಲ್ಲಿ ಲಾರಿ ಹೊಡೆಯಿತು. ಅವರ ಬಗ್ಗೆ ಬರೆಯಲು ನನಗೆ ಬರುತ್ತಿಲ್ಲ. ಲಕ್ಕಮ್ಮನವರ ಬಗ್ಗೆ ಬರೆಯುತ್ತೇನೆ.

ನಲ್ಲೂರಿನ ಹುಣಸೆ ತೋಪು ದಾಟಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಹೊರಳಿದರೆ ಸಿಗುವ ಊರು ನಮ್ಮದು. ಲಕ್ಕಮ್ಮನವರ ವಯಸ್ಸು ಐವತ್ತರ ಆಸುಪಾಸು. ಅವರ ಕಾಲ ಬಳಿ ಕಡುನೀಲಿ ಪ್ಯಾಂಟುಗಳ ಬಂಡಲ್ ಇದೆ. ಒಂದನ್ನು ಎಳೆದುಕೊಳ್ಳುತ್ತಾರೆ, ಜೇಬಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಸೂಜಿಯ ಕೆಳಗಿಡುತ್ತಾರೆ, ಉದ್ದಕ್ಕೂ ಹೊಲಿಯುತ್ತಾರೆ, ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ. ಆಮೇಲೆ ಇನ್ನೊಂದು ಜೇಬು.

ನನ್ನನ್ನು ಕಂಡು ಕಾಲಿನಿಂದಲೇ ಮಣೆ ಸರಿಸುತ್ತಾರೆ. "ಕೂತ್ಕೋ ಬಾರವ್ವಾ. ಸುಮ್ನೆ ಕೂರ್ಬೇಡ, ಕತ್ತರಿ ತಗೊಂಡು ದಾರದ ತುದಿ ಕತ್ತರ್ಸು."

ಇವು ಹೋಟೆಲೊಂದರಲ್ಲಿ ಕೋಣೆ ಗುಡಿಸಿ ಒರೆಸುವ ಹೆಂಗಸರ ಪ್ಯಾಂಟುಗಳು. ಅಂಗಡಿಯಿಂದ ಬರುವಾಗ ಇವಕ್ಕೆ ಜೇಬು ಇರುತ್ತದೆ. ಅವರ ಮೈಗೆ ಏರುವ ಮೊದಲು ಇಲ್ಲಿ ಮುಚ್ಚಿಹೋಗುತ್ತದೆ. ಆಳು ಒದಗಿಸುವ ಗುತ್ತಿಗೆದಾರನ ಕಟ್ಟಳೆ ಅದು. ಯಾವಾಗಲೋ ಯಾರೋ ಅತಿಥಿಯ ಕಿವಿಯೋಲೆ ಕಾಣೆಯಾಗಿತ್ತಂತೆ.

"ಓಲೆ ಸ್ನಾನದ ಮನೇಲೇ ಸಿಕ್ತಂತೆ ಆಮೇಲೆ" ಎನ್ನುತ್ತಾರೆ ಲಕ್ಕಮ್ಮ. "ಜೇಬು ಮಾತ್ರ ಮುಚ್ಚೇ ಹೋಯ್ತು."

ಈ ಮಿಷನ್ ಅವರಿಗೆ ಬಂದದ್ದು ವೇದಿಕೆಯ ಮೇಲೆ. ಗಂಡ ತೀರಿಕೊಂಡ ವರ್ಷ ದೇವನಹಳ್ಳಿಗೆ ಕರೆಸಿ, ಹಾರ ಹಾಕಿದ ಗಣ್ಯರ ನಡುವೆ ನಿಲ್ಲಿಸಿ ಕೊಟ್ಟರು. ಮಿಷನ್ನಿನ ಮೇಲೆ ಕೈಯಿಟ್ಟು ನಗಲು ಫೋಟೊದವನು ಹೇಳಿದ್ದನಂತೆ. "ನಕ್ಕೆ ಕಣವ್ವಾ. ಏನ್ಮಾಡ್ಲಿ? ಮಿಷನ್ ಏನೋ ಕೊಟ್ಬಿಟ್ರು. ಹೊಲಿಯೋಕೆ ಬಟ್ಟೆ ಯಾರ್ ಕೊಡ್ತಾರೆ ಅಂತ ಯಾರೂ ಹೇಳ್ಲಿಲ್ಲ."

ಗಂಡ ಸತ್ತವಳನ್ನು ಕಂಡರೆ ಈ ಸೀಮೆಯ ಜನಕ್ಕೆ ಹೊಲಿಗೆ ಮಿಷನ್ ನೆನಪಾಗುತ್ತದೆ. ಹನ್ನೊಂದು ದಿನದಲ್ಲಿ ನಮ್ಮ ಮನೆಗೆ ಬಂದವರು ಕಾಫಿ ಕುಡಿದು ಹೇಳಿ ಹೋದದ್ದೂ ಅದನ್ನೇ. ಹೊಲಿಗೆ ಕಲಿ, ದಿಂಬಿನ ಕವರಿನಿಂದ ಶುರು ಮಾಡು, ಹೊಸ ಬದುಕು ಕಟ್ಟಿಕೋ. ನಾನು ಕನ್ನಡದಲ್ಲಿ ಎಂ.ಎ. ಮಾಡಿದ್ದೇನೆಂದು ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ಲಕ್ಕಮ್ಮನವರೂ ದಿಂಬಿನ ಕವರಿನಿಂದಲೇ ಶುರು ಮಾಡಿದವರು. ಹಳೇ ಲುಂಗಿಯಲ್ಲಿ ಸಂತೆ ಚೀಲ, ಸೀರೆಯಲ್ಲಿ ಕಿಟಕಿ ಪರದೆ, ಮಗುವಿಗೆ ಹಾಸಲು ಮೆತ್ತನೆ ಕೌದಿ. ಊರಿನ ಹೆಂಗಸರು ಹೊಲಿಸಿಕೊಂಡು ಅವರೆಕಾಯಿಯನ್ನೋ ರಾಗಿಯನ್ನೋ ಅಳೆದು ಕೊಡುತ್ತಿದ್ದರು. ಕೈಗಾರಿಕೆಗೆ ಜಮೀನು ಬಿಡುವುದಿಲ್ಲವೆಂದು ರೈತರು ಧರಣಿ ಕೂತಾಗ ಹಸಿರು ಟವೆಲುಗಳ ಅಂಚು ಹೊಲಿದವರೂ ಇವರೇ. ಉಳಿಸಿಕೊಳ್ಳಲು ಇವರಿಗೆ ಜಮೀನಿರಲಿಲ್ಲ. ಆಮೇಲೆ ದೇವನಹಳ್ಳಿಯಿಂದ ರೆಡಿಮೇಡ್ ನೈಟಿ, ಪ್ಲಾಸ್ಟಿಕ್ ಚೀಲ ಬಂದವು. ಕೌದಿ ಕೇಳುವವರು ಇಲ್ಲವಾದರು. ಕೊನೆಗೆ ಉಳಿದದ್ದು ಈ ಬಂಡಲ್. ಬಾಡಿಗೆ, ಗ್ಯಾಸು, ಬೇಳೆ ಎಲ್ಲವೂ ಇದರಲ್ಲೇ. ಇದು ನಿಂತರೆ ಅವರಿಗೆ ಬೇರೆ ದಾರಿಯಿಲ್ಲ.

ಅವರ ಮಗಳು ಕೀರ್ತನ ಕೂಡ ಆ ಹೋಟೆಲಿನಲ್ಲೇ ಕೆಲಸಕ್ಕಿದ್ದಳು. ಅವಳ ಪ್ಯಾಂಟಿನ ಜೇಬನ್ನೂ ಲಕ್ಕಮ್ಮನೇ ಮುಚ್ಚಿ ಕಳಿಸಿದ್ದರು. ತಿಂಗಳ ದಿನಗಳಲ್ಲಿ ಒಮ್ಮೆ ಪ್ಯಾಡನ್ನು ಮುಷ್ಟಿಯಲ್ಲಿಟ್ಟುಕೊಂಡು ಶೌಚಾಲಯಕ್ಕೆ ಹೋಗುತ್ತಿದ್ದಾಗ ಸೂಪರ್‌ವೈಸರ್ ತಡೆದು, ಎಲ್ಲರೆದುರು ಮುಷ್ಟಿ ಬಿಚ್ಚಿಸಿದ. ಕೀರ್ತನ ಮಾರನೆಯ ದಿನದಿಂದ ಹೋಗಲಿಲ್ಲ. ಈಗ ಬಟ್ಟೆ ಅಂಗಡಿಯೊಂದರಲ್ಲಿದ್ದಾಳೆ, ಸಂಬಳ ಅವಳ ಬಸ್ಸಿಗೂ ಊಟಕ್ಕೂ ಸರಿಹೋಗುತ್ತದೆ.

"ಅವ್ಳು ಅವತ್ತು ನನ್ನ ಒಂದ್ ಮಾತೂ ಬೈಲಿಲ್ಲ" ಎನ್ನುತ್ತಾರೆ ಲಕ್ಕಮ್ಮ. "ಪ್ಯಾಂಟ್ ತಂದು ನನ್ ಮಡ್ಲಿಗೆ ಹಾಕ್ಬಿಟ್ಟು ಒಳಕ್ಕೆ ಹೋದ್ಳು. ಬೈದಿದ್ರೆ ವಾಸಿಯಾಗಿತ್ತು."

ಆ ವಾರದಿಂದ ಅವರು ಹೊರಗಿನ ಜೇಬನ್ನು ಮುಚ್ಚಿದ ಪ್ರತಿ ಪ್ಯಾಂಟಿಗೂ ಸೊಂಟದ ಪಟ್ಟಿಯ ಒಳಗೆ ಒಂದು ಪುಟ್ಟ ಜೇಬು ಇಡುತ್ತಿದ್ದಾರೆ. ಹಳೇ ರವಿಕೆಯ ಹೂವಿನ ಬಟ್ಟೆಯದು. ಯಾರೂ ಕೇಳಿದ್ದಲ್ಲ, ಯಾರೂ ದುಡ್ಡು ಕೊಡುವುದಿಲ್ಲ. ಹಾಕಿಕೊಳ್ಳುವ ಹೆಂಗಸರಿಗೆ ಗೊತ್ತು, ಅವರು ಬಾಯಿ ಬಿಡುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಗೂಡ್ಸ್ ಆಟೊ ಬಂದು ನಿಲ್ಲುತ್ತದೆ. ಗುತ್ತಿಗೆದಾರನ ಕಡೆಯಿಂದ ಬಂಡಲ್ ತಂದು ಒಯ್ಯುವ ಸೊಣ್ಣಪ್ಪ ಇಳಿಯುತ್ತಾರೆ.

"ಏನ್ ಲಕ್ಕಮ್ಮಾ, ಚೆನ್ನಾಗಿ ರಜಾ ಹೊಡ್ದೆ? ಸತ್ತಿದ್ದು ಎದುರು ಮನೇಲಿ ಕಣಮ್ಮಾ, ನಿಮ್ಮನೇಲಲ್ಲ." ಕತ್ತರಿ ಹಿಡಿದ ನನ್ನನ್ನು ಆಮೇಲೆ ನೋಡುತ್ತಾರೆ. "ನಿಂಗಲ್ಲಮ್ಮಾ ಅಂದಿದ್ದು."

"ಬೀದಿ ಒಂದೇ ಅಲ್ವೇನಪ್ಪಾ" ಎನ್ನುತ್ತಾರೆ ಲಕ್ಕಮ್ಮ.

ಸೊಣ್ಣಪ್ಪ ಪ್ಯಾಂಟುಗಳನ್ನು ಎತ್ತಿ ಎತ್ತಿ ಆಟೊಗೆ ಹಾಕುತ್ತಾರೆ. ಒಂದು ಮಾತ್ರ ಒಳಮೈ ಹೊರಗಾಗಿದೆ. ಅದನ್ನು ತಿರುಗಿಸಲು ಹೋದವರ ಬೆರಳು ಹೂವಿನ ಬಟ್ಟೆಯೊಳಗೆ ಇಳಿಯುತ್ತದೆ.

"ಏನಿದು?"

"ಜೇಬು."

"ಮುಚ್ಚು ಅಂತ ಕೊಟ್ರೆ ಹೊಸದು ಹೊಲೀತಿದ್ದೀಯಾ? ಏನಿಟ್ಕೊಳ್ಳೋಕೆ? ವಜ್ರಾನಾ?"

"ಮುಟ್ಟಿನ ಪ್ಯಾಡ್ ಇಟ್ಕೊಳ್ಳೋಕೆ ಕಣಪ್ಪಾ. ಬೆರಳು ತೆಗಿ."

ಕಾದ ಹೆಂಚು ಮುಟ್ಟಿದವರಂತೆ ಸೊಣ್ಣಪ್ಪ ಕೈ ಎಳೆದುಕೊಳ್ಳುತ್ತಾರೆ. ಡೇರಿಯಿಂದ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ನರಸಮ್ಮ ಬೀದಿಯಲ್ಲೇ ನಿಂತು ನಗುತ್ತಾರೆ. "ನೀನೂ ಒಂದ್ ಇಟ್ಕೊಂಡ್ ಹೋಗು ಸೊಣ್ಣಪ್ಪಾ, ಉಪ್ಯೋಗಕ್ಕೆ ಬರುತ್ತೆ!"

ಆ ನಗುವೇ ಕೆಲಸ ಕೆಡಿಸಿತೇನೋ. ಸೊಣ್ಣಪ್ಪನವರ ಮುಖ ಬಿಗಿಯುತ್ತದೆ. ಆಟೊಗೆ ಹಾಕಿದ್ದನ್ನೂ ಕೆಳಗೆಳೆದು ಒಂದೊಂದಾಗಿ ತಿರುವಿ ನೋಡುತ್ತಾರೆ. ಎಲ್ಲದರಲ್ಲೂ ಇದೆ.

"ಕೂತ್ಕೊಂಡು ಎಲ್ಲಾನೂ ಬಿಚ್ಚು. ಇಲ್ಲಾಂದ್ರೆ ಇನ್ಮೇಲೆ ಬಂಡಲ್ ಚನ್ನರಾಯಪಟ್ಟಣಕ್ಕೆ ಹೋಗುತ್ತೆ. ಕರೆಂಟ್ ಮಿಷನ್ ಇಟ್ಕೊಂಡು ಕಾಯ್ತಾವ್ರೆ ಅಲ್ಲಿ."

ಲಕ್ಕಮ್ಮ ತುಳಿಯುವುದನ್ನು ನಿಲ್ಲಿಸುತ್ತಾರೆ. ಮಿಷನ್ನಿನ ಚಕ್ರದ ಮೇಲೆ ಕೈಯಿದೆ. ಒಳಗೆ ಒಲೆಯ ಮೇಲೆ ಏನೋ ಸೀದ ವಾಸನೆ. ನಾನು ಕತ್ತರಿಯನ್ನು ಕೆಳಗಿಡುತ್ತೇನೆ. ಬಿಚ್ಚಿಬಿಡಿ ಎಂದು ಹೇಳಬೇಕೆನಿಸುತ್ತದೆ.

"ಹೊಲಿಯೋದು ನನ್ ಕೆಲ್ಸ" ಎನ್ನುತ್ತಾರೆ ಅವರು. "ಬಿಚ್ಚೋಕೆ ಬೇರೆಯವರ್ನ ನೋಡ್ಕೊ."

"ಹೊಟ್ಟೆಗೇನ್ ತಿಂತೀಯಾ?"

"ನೀನ್ ಬಂಡಲ್ ತರ್ತಿದ್ದಾಗ ಏನ್ ಹೋಳಿಗೆ ತಿಂತಿದ್ನಾ? ಮುದ್ದೇನೇ ತಿಂತಿದ್ದೆ."

ಆಟೊ ಹೋಗುತ್ತದೆ. ಹೊಲಿಯದೆ ಉಳಿದವನ್ನೂ ತುಂಬಿಕೊಂಡು ಹೋಗುತ್ತದೆ. ಜಗುಲಿ ಖಾಲಿಯಾಗಿದೆ. ಲಕ್ಕಮ್ಮನವರ ಮುಖದಲ್ಲಿ ಗೆದ್ದವರ ಕಳೆಯಿಲ್ಲ. ಸೂಜಿಗೆ ದಾರ ಪೋಣಿಸಲು ನೋಡುತ್ತಾರೆ. ದಾರ ಸೂಜಿಯ ಕಣ್ಣಿಗೆ ಹೋಗುವುದಿಲ್ಲ. "ತಪ್ಪು ಮಾಡ್ಬಿಟ್ನೇನವ್ವಾ?" ಎಂದು ಕೇಳುತ್ತಾರೆ. ನಾನು ಬಗ್ಗಿ ದಾರ ಪೋಣಿಸಿ ಕೊಡುತ್ತೇನೆ.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಒಂದು ರಟ್ಟು ತರುತ್ತಾರೆ. "ನೀನ್ ಓದಿರೋಳು, ದಪ್ಪಕ್ಕೆ ಬರ್ದುಕೊಡು. ಇಲ್ಲಿ ಹೆಂಗಸರ ಬಟ್ಟೆಗೆ ಜೇಬು ಇಟ್ಟು ಹೊಲಿಯಲಾಗುತ್ತದೆ ಅಂತ. ನೈಟಿಗೆ, ಲಂಗಕ್ಕೆ, ರವಿಕೆ ಒಳಕ್ಕೆ. ನಮ್ ಬಟ್ಟೆಗೆ ಯಾವ್ ಟೈಲರ್ ಜೇಬು ಇಟ್ಟವ್ನೆ ಹೇಳು? ಬರ್ತಾರೋ ಇಲ್ವೋ, ಬೋರ್ಡಂತೂ ಇರ್ಲಿ."

ಬರೆದುಕೊಡುತ್ತೇನೆ. ಇದನ್ನು ಪತ್ರಿಕೆಗೂ ಬರೆಯಲೇ ಎಂದಾಗ ಅವರು ಅಂದದ್ದು ಇಷ್ಟೇ: "ಬರಿ. ಕಳ್ಕೊಳ್ಳೋಕೆ ಇನ್ನೇನಿದೆ."

ತಮ್ಮದೇ ಹಳೇ ಲಂಗವೊಂದನ್ನು ಸೂಜಿಯ ಕೆಳಗಿಟ್ಟು ಮತ್ತೆ ಮಿಷನ್ ತುಳಿಯುತ್ತಾರೆ. ಕಿರ್ ಎನ್ನುತ್ತದೆ. ನಾನು ಎದ್ದು ನಮ್ಮ ಮನೆಗೆ ಹೋಗುತ್ತೇನೆ. ನಿನ್ನೆ ಠಾಣೆಯಿಂದ ಕಾರಿನ ಸಾಮಾನು ಬಂದಿದೆ. ಒಂದು ಟವೆಲು, ದೇವರ ಪಟ, ಬಾಗಿಲಿನ ಜೇಬಿನಲ್ಲಿದ್ದ ಎಣ್ಣೆಬುಡ್ಡಿ. ಕಾರಿನ ಬಾಗಿಲು ಕಿರ್ ಅನ್ನುತ್ತೆ, ಪ್ಯಾಸೆಂಜರ್ ಬೈತಾರೆ, ಸಾಯಂಕಾಲ ತಂದ್ಕೊಡ್ತೀನಿ ಎಂದು ಬೀರೇಶ್ ಕೊನೆಯ ದಿನ ಬೆಳಿಗ್ಗೆ ಲಕ್ಕಮ್ಮನವರಿಂದ ಮಿಷನ್ನಿನ ಈ ಬುಡ್ಡಿ ಇಸಿದುಕೊಂಡು ಹೋಗಿದ್ದರು. ಆ ಸಾಯಂಕಾಲ ಬರಲಿಲ್ಲ, ಆ ಕಾರನ್ನು ನಾನು ಮತ್ತೆ ನೋಡಿಲ್ಲ. ಲಕ್ಕಮ್ಮ ಬಾಯಿಬಿಟ್ಟು ಕೇಳಲೂ ಇಲ್ಲ.

ಬುಡ್ಡಿಯನ್ನು ಅವರ ಕೈಗೆ ಕೊಡುತ್ತೇನೆ. ಅವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಇನ್ನೂ ಎಣ್ಣೆಯಿದೆ.

"ಬಾಗ್ಲು ಕಿರ್ ಅನ್ನೋದು ನಿಂತಿತ್ತಾ?"

"ನಿಂತಿತ್ತು" ಎನ್ನುತ್ತೇನೆ.