ಪಕ್ಕದ ಸೀಟಿನ ಪಿತೃಪಕ್ಷ

ಗೆಡ್ಡೆಗೆಣಸನ್ನೂ ಮನುಷ್ಯರೆಂದೇ ಭಾವಿಸುವ ಔದಾರ್ಯ ಈಗಿನ ಕಾರುಗಳಿಗೆ ಉಂಟೆಂಬುದನ್ನು ನೀವೂ ಗಮನಿಸಿರಬಹುದು. ಪುತ್ತೂರಿನ ಸಂತೆಯಿಂದ ಒಂದು ಸುವರ್ಣಗೆಡ್ಡೆ ತಂದು ಪಕ್ಕದ ಸೀಟಿನಲ್ಲಿಟ್ಟರೆ ಸಾಕು, ಅದಕ್ಕೆ ಬೆಲ್ಟು ಕಟ್ಟುವ ತನಕ ಟಿಂಗ್ ಟಿಂಗ್ ಎಂದು ತಲೆ ತಿನ್ನುತ್ತದೆ. ಕಾನ್ವೆಂಟಿನ ಸಿಸ್ಟರುಗಳಿಂದ ಡಿಸಿಪ್ಲಿನ್ ಕಲಿತ ನಾನು ವಿಧೇಯಳಾಗಿ ಕಟ್ಟುತ್ತೇನೆ. ಗೆಡ್ಡೆಯೂ ನಾನೂ ಆಕಾರದಲ್ಲಿ ಒಂದೇ ಎಂಬುದು ತಮ್ಮನ ಅಭಿಪ್ರಾಯ.

ಖಾಲಿ ಸೀಟಿಗೂ ಬೆಲ್ಟು ಕಟ್ಟುವ ಪದ್ಧತಿಯನ್ನು ನಾನು ಕಂಡದ್ದು ಅಪ್ಪನ ವಿಮಾನದಲ್ಲಿ. ಅಪ್ಪನದೆಂದರೆ ಅರ್ಧ ಅಪ್ಪನದು. ಎರಡೇ ಸೀಟಿನ ಆ ಪುಟ್ಟ ವಿಮಾನವನ್ನು ಅವರೂ ಸುಳ್ಯದ ಮರದ ವ್ಯಾಪಾರಿ ಇದ್ದಿನಬ್ಬ ಎಂಬವರೂ ಪಾಲಿನಲ್ಲಿ ಕೊಂಡು, ಘಟ್ಟದ ಮೇಲಿನ ಒಂದು ಶೆಡ್ಡಿನಲ್ಲಿ ಇಟ್ಟಿದ್ದರು. ಗಲ್ಫಿನಲ್ಲಿದ್ದಾಗ ಹಾರಲು ಕಲಿತ ಇದ್ದಿನಬ್ಬರು ಎಡದ ಸೀಟಿನಲ್ಲಿ ನಡೆಸುವವರು. ಅಪ್ಪ ಬಲದ ಸೀಟಿನಲ್ಲಿ ಡೊಳ್ಳುಹೊಟ್ಟೆಯ ಮೇಲೆ ಕೈಯಿಟ್ಟು ಮೋಡ ನೋಡುವವರು. ಎಡರೆಕ್ಕೆ ಅವರದು, ಬಲರೆಕ್ಕೆ ಇವರದು ಎಂಬುದು ಇಬ್ಬರ ಪಾರ್ಟಿಶನ್. ಪಕ್ಷವೆಂದರೆ ರೆಕ್ಕೆಯೂ ಹೌದಷ್ಟೆ. ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಪಿತೃಪಕ್ಷದಲ್ಲಿ ನನ್ನ ಪಾಲಿಗೆ ಅಕ್ಷರಶಃ ತಂದೆಯ ರೆಕ್ಕೆಯೇ ಬಂದಿತ್ತು.

ಆ ಪಾಲನ್ನು ಕೊಳ್ಳಲು ಮೈಸೂರಿನ ಡಾಕ್ಟರೊಬ್ಬರು ಸಿದ್ಧರಿದ್ದರು. "ಕೊಟ್ಟುಬಿಡು ಅಕ್ಕ, ಅರ್ಧ ವಿಮಾನ ಇಟ್ಟುಕೊಂಡು ಎಂತ ಮಾಡುದು?" ಎಂದ ತಮ್ಮ. ಮಾತು ಸರಿಯೇ. ಆದರೆ ಅಪ್ಪನ ಸೀಟಿನಲ್ಲಿ ಅಪರಿಚಿತರು ಕೂರುತ್ತಾರಲ್ಲ ಎಂಬ ಸೆಂಟಿಮೆಂಟು ಅಡ್ಡ ಬಂದು, ಒಪ್ಪಿಗೆ ಕೊಡುವ ಮುಂಚೆ ಒಮ್ಮೆ ನೋಡಿ ಬರೋಣವೆಂದು ಹೊರಟೆ.

ಇದ್ದಿನಬ್ಬರು ಬೀಗ ತೆಗೆದ ಶೆಡ್ಡಿನೊಳಗೆ ನಡುಹಗಲಿನಲ್ಲಿ ಗಾಳಿಯಿರಲಿಲ್ಲ. ಬಲದ ಸೀಟಿನ ಬೆಲ್ಟು, ಒಳಗೆ ಯಾರೋ ಕೂತಿರುವಂತೆ, ಉಬ್ಬಿ ನಿಂತಿತ್ತು.

"ಇದೆಂತ ಇದ್ದಿನಬ್ಬರೇ?"

"ಒಬ್ಬನೇ ಹಾರುವಾಗ ಹಾಗೆ ಕಟ್ಟಿಡುದು ಸೀತಕ್ಕ. ಇಲ್ಲದಿದ್ರೆ ಪಟ್ಟಿ ವಿಮಾನ ತಿರುಗಿಸುವ ಸ್ಟಿಕ್ಕಿಗೆ ಸಿಕ್ಕಿಕೊಳ್ತದೆ."

"ಮತ್ತೆ ಇಷ್ಟು ಸಡಿಲ?"

ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ನಾನು ಬಿಗಿ ಮಾಡಿಯೇ ಹೋಗುದು. ಮತ್ತೆ ಬರುವಾಗ ನಿಮ್ಮ ಅಪ್ಪನ ಹೊಟ್ಟೆಯಷ್ಟು ಸಡಿಲ ಆಗಿರ್ತದೆ."

"ಇಲಿ ಇರಬೇಕು."

"ಬೆಲ್ಟು ಸಡಿಲ ಮಾಡುವ ಇಲಿ ಉಂಟಾ ಮಾರಾಯ್ರೆ?"

ನಕ್ಕೆವು; ಶೆಡ್ಡಿನ ತಗಡು ನಮ್ಮಿಬ್ಬರ ನಗೆಗೆ ಇನ್ನೊಂದನ್ನು ಸೇರಿಸಿ ಹಿಂದಿರುಗಿಸಿತು. ನಾನೇ ಕೈಹಾಕಿ ಪಟ್ಟಿಯನ್ನು ಸೀಟಿಗೆ ಅಂಟುವಷ್ಟು ಎಳೆದೆ. ಹೊರಗೆ ಚಹಾ ಕುಡಿದು ಬಂದು ನೋಡಿದರೆ, ಅದು ಮತ್ತೆ ಉಬ್ಬಿತ್ತು. ಹಳೆಯ ಪಟ್ಟಿ, ಜಾರುತ್ತದೆ ಎಂದಿತು ನನ್ನ ಕಾನ್ವೆಂಟ್ ಲಾಜಿಕ್ಕು. ಕೈ ಮಾತ್ರ ಇನ್ನೊಮ್ಮೆ ಎಳೆಯಲು ಒಪ್ಪಲಿಲ್ಲ.

"ಡಾಕ್ಟ್ರಿಗೆ ಎಂತ ಹೇಳುದು?" ಇದ್ದಿನಬ್ಬರು ಮೆಲ್ಲಗೆ ಕೇಳಿದರು, ಅವರ ಕಣ್ಣೂ ಆ ಸೀಟಿನ ಮೇಲೆಯೇ ಇತ್ತು.

"ಸೀಟು ಖಾಲಿ ಇಲ್ಲ ಅಂತ ಹೇಳಿ."

ಹಿಂದಿರುಗುವಾಗ ಕಲ್ಲುಗುಂಡಿಯ ಹತ್ತಿರ, ಪಕ್ಕದಲ್ಲಿ ಗೆಡ್ಡೆಯಾಗಲಿ ಚೀಲವಾಗಲಿ ಇಲ್ಲದಿದ್ದರೂ, ಕಾರು ಟಿಂಗ್ ಟಿಂಗ್ ಎಂದಿತು. ಬದಿಗೆ ನಿಲ್ಲಿಸಿ, ಬಗ್ಗಿ ಬೆಲ್ಟು ಕಟ್ಟಿದೆ. ಸದ್ದು ನಿಂತಿತು. ತಾನಾಗಿ ಒಳಗೆಳೆದುಕೊಳ್ಳಬೇಕಾದ ಪಟ್ಟಿ ಮಾತ್ರ ಎಳೆದುಕೊಳ್ಳದೆ ಉಬ್ಬಿಯೇ ನಿಂತಿತ್ತು.

ಪುತ್ತೂರು ಮುಟ್ಟುವ ತನಕ ನಿಧಾನವಾಗಿಯೇ ಓಡಿಸಿದೆ. ಆಕಾಶದಲ್ಲಿ ಹೇಗೋ, ರಸ್ತೆಯಲ್ಲಿ ಅಪ್ಪನಿಗೆ ಸ್ಪೀಡು ಆಗುವುದಿಲ್ಲ.